ಬರಿಗಾಲಿಗೂ ಒಂದು ಬಿಲ್

ಬರಿಗಾಲಲ್ಲಿ ಓಡಿದ ಅನುಭವ ಕೊಡುವ ಹೊಸ ಶೂ ಮತ್ತೆ ಬಂದಿದೆಯಂತೆ. ಅಟ್ಟೆ ಮೊದಲಿಗಿಂತ ತೆಳು, ಬೆಲೆ ಮೊದಲಿಗಿಂತ ದಪ್ಪ. ಕುಶನ್ ತೆಗೆದರು, ಹಿಮ್ಮಡಿಯ ಎತ್ತರ ತೆಗೆದರು, ತೂಕ ತೆಗೆದರು. ಇನ್ನೊಂದು ಸಲ ಸುಧಾರಿಸಿದರೆ ಖಾಲಿ ಡಬ್ಬ ಕಳಿಸಬಹುದು. ಲೇಸ್ ಕಟ್ಟುವ ಕಷ್ಟವೂ ಇರುವುದಿಲ್ಲ.

ಈ ಪಂಥದವರಿಗೆ ಅಬೆಬೆ ಬಿಕಿಲಾ ಕುಲದೇವರು. ಇಥಿಯೋಪಿಯಾದ ಆ ಮಹಾನುಭಾವ 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದದ್ದು ಬರಿಗಾಲಲ್ಲೇ. ನಿಜ. ಆದರೆ 1964ರಲ್ಲಿ ಟೋಕಿಯೋದಲ್ಲಿ ಅವರೇ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದರು, ಮೂರು ನಿಮಿಷ ಬೇಗ! ಈ ಮಾತೆತ್ತಿದರೆ ಎಲ್ಲರಿಗೂ ಕೆಮ್ಮು. ಅದೂ ಟೋಕಿಯೋ ಓಟದ ಹೊತ್ತಿಗೆ ಅವರಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರಗಳಾಗಿದ್ದವು. ಅಪೆಂಡಿಕ್ಸ್ ತೆಗೆಸಿದರೆ ವೇಗ ಹೆಚ್ಚುತ್ತೆ ಅಂತ ಮಾರುವವರು ಯಾಕೋ ಇನ್ನೂ ಹುಟ್ಟಿಲ್ಲ.

ಬೆರಳಿಗೊಂದು ಗೂಡಿರುವ, ವೈಬ್ರಂ ಕಂಪನಿಯ ಫೈವ್‌ಫಿಂಗರ್ಸ್ ಎಂಬ ತೆಳು ಶೂ ಕಥೆ ಕೇಳಿ. ಪಾದ ಗಟ್ಟಿಯಾಗುತ್ತೆ, ಗಾಯ ಕಡಿಮೆಯಾಗುತ್ತೆ ಅಂದರು. ಪುರಾವೆ ಎಲ್ಲಿ ಅಂತ ಅಮೆರಿಕದ ಗಿರಾಕಿಗಳು ಕೋರ್ಟಿಗೆ ಹೋದರು. 2014ರಲ್ಲಿ ಕಂಪನಿ ತಪ್ಪು ಒಪ್ಪದೆಯೇ 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಕೊನೆಗೆ ಗಿರಾಕಿಯ ಕೈಗೆ ಬಂದದ್ದು ಜೋಡಿಗೆ ಎಂಟು ಡಾಲರ್ ಚಿಲ್ಲರೆ. ಬೆರಳಿಗೆ ಒಂದು ಡಾಲರೂ ಬೀಳಲಿಲ್ಲ.

ಆಮೇಲೆ ಗಾಳಿ ತಿರುಗಿತು. ದಪ್ಪ ಫೋಮ್ ಬಂತು. ಎಷ್ಟು ದಪ್ಪ ಅಂದರೆ, ರಸ್ತೆ ಓಟದ ಶೂ ಅಟ್ಟೆ 40 ಮಿಲಿಮೀಟರ್ ದಾಟಬಾರದು ಅಂತ 2020ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ನಿಯಮವನ್ನೇ ಮಾಡಬೇಕಾಯಿತು. ತೆಳುವೂ ವಿಜ್ಞಾನ, ದಪ್ಪವೂ ವಿಜ್ಞಾನ. ಹಳೆಯ ಜೋಡಿ ಮಾತ್ರ ಯಾವಾಗಲೂ ಅಜ್ಞಾನ.

ನಗು ಇಲ್ಲಿಗೆ ಸಾಕು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 19 ಓಟಗಾರರು ಹತ್ತು ವಾರಗಳಲ್ಲಿ ಹಂತಹಂತವಾಗಿಯೇ ಈ ಬೆರಳು ಶೂಗೆ ಹೊರಳಿದರು. ಎಂಆರ್‌ಐ ಮಾಡಿದರೆ 10 ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. ಆದರೂ ಇವತ್ತಿಗೂ ಕಾಲು ನೋಯುತ್ತೆ ಅಂದವರಿಗೆ ಸಿಗುವ ಉತ್ತರ ಒಂದೇ: ನೀವು ಅವಸರ ಮಾಡಿದಿರಿ, ನಿಮ್ಮ ಓಡುವ ರೀತಿ ಸರಿಯಿಲ್ಲ. ಚೆನ್ನಾಗಿ ಓಡಿದರೆ ಶೂ ಮಹಿಮೆ, ಮೂಳೆ ಬಿರುಕು ಬಿಟ್ಟರೆ ನಮ್ಮ ತಪ್ಪು. ಕೇಳಿ ಕೇಳಿ ಸಾಕಾಗಿದೆ. ಕಾಲು ನಮ್ಮದು, ದುಡ್ಡು ನಮ್ಮದು, ತಪ್ಪೂ ನಮ್ಮದೇ ಅಂತಾದರೆ, ಈ ವ್ಯವಹಾರದಲ್ಲಿ ಕಂಪನಿಯದು ಅಂತ ಇರೋದಾದರೂ ಏನು?