ಕೈಚಳಕ

ದಬ್ಬಾಳಿಕೆಯ ಸಮಾಜದಲ್ಲಿ, ತನಗೆ ಗೊತ್ತಿರುವುದನ್ನು ಮುಚ್ಚಿಡುವುದು ಸರಿಯೇ? ನೀರೊಳಗೆ ಬಹಳ ಹೊತ್ತು ಇರುವ ಉಪಾಯ ತನಗೆ ಗೊತ್ತು, ಆದರೆ ಹೇಳುವುದಿಲ್ಲ ಎಂದು ಲಿಯೊನಾರ್ಡೊ ಡ ವಿಂಚಿ ಟಿಪ್ಪಣಿಯಲ್ಲಿ ಬರೆದಿಟ್ಟ. ಮನುಷ್ಯರು ಕೇಡಿಗರು, ಹಡಗಿನ ತಳ ಒಡೆದು ಜನರನ್ನು ಮುಳುಗಿಸುತ್ತಾರೆ ಎಂಬುದು ಅವನ ಕಾರಣ. ಓದಿದಾಗ ಕೈ ಮುಗಿಯಬೇಕೆನಿಸಿತು. ಇದೇ ಮಹಾಶಯ ಮಿಲಾನಿನ ದೊರೆಯ ಬಳಿ ಕೆಲಸ ಕೇಳಿ ಬರೆದ ಪತ್ರದ ತುಂಬ ಯುದ್ಧಯಂತ್ರಗಳ ಪಟ್ಟಿ; ಚಿತ್ರ ಬರೆಯುವ ಮಾತು ಕೊನೆಗೆ. ಸಂಬಳ ಕೊಡುವವನು ಕೇಡಿಗನಲ್ಲ ಎಂಬ ನಂಬಿಕೆ ಬಹಳ ಹಳೆಯದು.

ಮುಚ್ಚಿಟ್ಟವರಲ್ಲಿ ನನಗೆ ಹೆಚ್ಚು ಇಷ್ಟ ಭೌತವಿಜ್ಞಾನಿ ಲಿಯೊ ಸಿಲಾರ್ಡ್. ಹಿಟ್ಲರ್ ಬಂದೊಡನೆ 1933ರಲ್ಲಿ ಜರ್ಮನಿ ಬಿಟ್ಟ ಈ ಹಂಗೇರಿಯ ಯಹೂದಿಗೆ ಅದೇ ವರ್ಷ ಲಂಡನ್ನಿನಲ್ಲಿ ಪರಮಾಣು ಬಾಂಬಿನ ಬೇರಾದ ಸರಪಳಿ ಕ್ರಿಯೆ ಹೊಳೆಯಿತು. ಪೇಟೆಂಟ್ ಗುಟ್ಟಾಗಿರಲೆಂದು 1936ರಲ್ಲಿ ಅದನ್ನು ಬ್ರಿಟಿಷ್ ನೌಕಾ ಇಲಾಖೆಗೆ ಒಪ್ಪಿಸಿದ. 1939ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಜೋಲಿಯೊ ಕ್ಯೂರಿಗೆ, ಇದರ ಬಗ್ಗೆ ಏನನ್ನೂ ಪ್ರಕಟಿಸಬೇಡಿ ಎಂದು ಬರೆದ. ಆತ ಪ್ರಕಟಿಸಿಯೇ ಬಿಟ್ಟ. ಈ ಕ್ರಿಯೆ ನಡೆಸಲು ಗ್ರಾಫೈಟ್ ಕೆಲಸಕ್ಕೆ ಬರುತ್ತದೆಂಬ ಅಮೆರಿಕದ ಫಲಿತಾಂಶವನ್ನು ಮಾತ್ರ ಅಚ್ಚಾಗದಂತೆ ತಡೆಯಲು ಸಾಧ್ಯವಾಯಿತು. ಅತ್ತ ಜರ್ಮನರು ಗ್ರಾಫೈಟ್ ಆಗದೆಂಬ ತಮ್ಮದೇ ತಪ್ಪು ಅಳತೆ ನಂಬಿ, ಅದರ ಬದಲಿಗೆ ಭಾರಜಲದ ಹಿಂದೆ ಬಿದ್ದರು. ಒಂದು ಮೌನಕ್ಕೆ ಇದಕ್ಕಿಂತ ದೊಡ್ಡ ಫಲ ಬೇಕೆ? ಆದರೆ ಇಂಥ ಬಾಂಬು ಸಾಧ್ಯವೆಂದು ಐನ್‌ಸ್ಟೈನರಿಂದ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೆ ಪತ್ರ ಬರೆಸಿದವನೂ ಇವನೇ. 1945ರ ಜುಲೈಯಲ್ಲಿ, ಶರಣಾಗತಿಯ ಷರತ್ತು ತಿಳಿಸದೆ ಜಪಾನಿನ ಮೇಲೆ ಬಾಂಬು ಹಾಕಬೇಡಿ ಎಂದು ವಿಜ್ಞಾನಿಗಳ ಸಹಿ ಸಂಗ್ರಹಿಸಿದವನೂ ಇವನೇ. ಮುಂದಿನ ತಿಂಗಳೇ ಹಿರೋಶಿಮಾ.

ದಬ್ಬಾಳಿಕೆಯ ಸಮಾಜ ಎಂದಾಗ ನಮ್ಮ ಕಣ್ಣಮುಂದೆ ಬೂಟು, ಬಾವುಟ, ತುಂಡುಮೀಸೆ ಬರುತ್ತವೆ. ಕೊಡಗಿನ ಕಾಫಿ ತೋಟದಲ್ಲಿ ಕುಳಿತವನಿಗೆ ತಕ್ಕಡಿಯೂ ಕಾಣಬೇಕು. ರೊಬಸ್ಟಾ ಕುಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ. ನಮ್ಮಲ್ಲಿಗೆ ಬರುವ ಅಕ್ಕ ಒಬ್ಬರ ಚೀಲ ದಿನವೂ ಉಳಿದವರದಕ್ಕಿಂತ ಭಾರ. ಹಣ್ಣಿನಲ್ಲಿ ಎಲೆಯಿಲ್ಲ, ಗಿಡದಲ್ಲಿ ಕೊಂಬೆ ಮುರಿದಿಲ್ಲ.

"ಅದು ಹೇಗಕ್ಕಾ?" ಎಂದು ತೋಟದ ಲೆಕ್ಕ ಬರೆಯುವ ರೈಟರ್ ಕೇಳಿದರೆ, "ಕೈ ಅಭ್ಯಾಸ, ರೈಟರೇ" ಎಂಬ ಉತ್ತರ. ಯಾರಾದರೂ ಹತ್ತಿರ ನಿಂತರೆ ಆ ಕೈ ತಾನಾಗಿ ನಿಧಾನವಾಗುತ್ತದೆ.

ಅವರ ಲೆಕ್ಕ ಸರಿಯಾಗಿದೆ. ಎಲ್ಲರೂ ಅಷ್ಟೇ ಕಿತ್ತರೆ ಮುಂದಿನ ವರ್ಷ ಕಿಲೋ ದರ ಇಳಿಯುತ್ತದೆ, ಇಳಿಸುವವನು ಸಾಹುಕಾರನಾದ ನಾನೇ. ಜ್ಞಾನ ಹಂಚಿದರೆ ಹೆಚ್ಚುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇನೆ, ನಿಜ. ಆದರೆ ಆ ಹೆಚ್ಚಳ ಯಾರ ಚೀಲಕ್ಕೆ ಬೀಳುತ್ತದೆ ಎಂದು ಮೇಷ್ಟ್ರು ಹೇಳಿರಲಿಲ್ಲ. ಹಾಗೆಂದು ಅಕ್ಕ ಪೂರ್ತಿ ಬಚ್ಚಿಟ್ಟಿಲ್ಲ. ಈ ವರ್ಷ ಅವರ ಸೊಸೆಯ ಚೀಲವೂ ತೂಗುತ್ತಿದೆ, ಕೂಲಿಯವರ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಪಕ್ಕದ ಮನೆಯ ಹುಡುಗಿಯದೂ. ಸಿಲಾರ್ಡನಿಗೆ ಇಂಥ ನೆರೆಹೊರೆ ಸಿಗಲಿಲ್ಲ, ಪಾಪ.

ಹತ್ತಿರ ನಿಂತು ನೋಡಬೇಡಿ ಎಂದು ರೈಟರಿಗೆ ಹೇಳಿದ್ದೇನೆ. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಅವರು ಅತ್ತ ಸರಿದರೆ ಅಕ್ಕನ ಕೈ ಓಡುತ್ತದೆ, ಹಣ್ಣು ಕಪ್ಪಾಗುವ ಮೊದಲೇ ಕಣಕ್ಕೆ ಬರುತ್ತದೆ.