ಟೆಸ್ಟ್ ಫ್ರೀ, ಉತ್ತರಕ್ಕೆ 840 ಡಾಲರ್

ಹೋದ ವರ್ಷ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಅಂತ ಪ್ಯಾಪ್ ಟೆಸ್ಟ್ ಮಾಡಿಸಿಕೊಂಡಾಗ ಒಂದು ಡಾಲರೂ ಖರ್ಚಾಗಲಿಲ್ಲ. ಜೊತೆಗೇ ಮಾಡಿದ, ಆ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಪಾಸಿಟಿವ್ ಬಂತು. ಕಾಲ್ಪೊಸ್ಕೊಪಿಗೆ ಬನ್ನಿ ಅಂದರು. ಡಾಕ್ಟರು ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಬೆಳ್ಳಗೆ ಕಂಡ ಜಾಗದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದರು. ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಬಂತು. ಬೆನ್ನಿಗೇ 840 ಡಾಲರಿನ ಬಿಲ್ಲೂ ಬಂತು.

ಟೆಕ್ಸಸ್‌ನಲ್ಲಿ ಇದಕ್ಕೆ 2005ರಿಂದಲೇ ಕಾನೂನಿದೆ, 18 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಈ ತಪಾಸಣೆ ಇನ್ಶೂರೆನ್ಸ್‌ನಲ್ಲಿ ಇರಲೇಬೇಕು ಅಂತ. ಹಾಗಂತ ಜಗಳಕ್ಕೆ ಹೊರಟವಳನ್ನು ಬಿಲ್ಲಿಂಗ್ ಕೆಲಸದಲ್ಲಿರುವ ಗೆಳತಿ ತಡೆದಳು. "ಮೊದಲು ಇನ್ಶೂರೆನ್ಸ್ ಕಾರ್ಡ್ ತೆಗಿ. ಟಿಡಿಐ ಅಂತಲೋ ಡಿಒಐ ಅಂತಲೋ ಇದೆಯಾ ನೋಡು." ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇರಲಿಲ್ಲ. ರಾಜ್ಯದ ವಿಮಾ ಇಲಾಖೆಯ ಗುರುತಾದ ಆ ಮೂರಕ್ಷರ ಇದ್ದರೆ ಮಾತ್ರ ಆ ಇಲಾಖೆ ನಿನ್ನ ಮಾತು ಕೇಳುತ್ತೆ ಅಂದಳು. ನಮ್ಮದು ಸೆಲ್ಫ್ ಫಂಡೆಡ್ ಪ್ಲಾನ್. ನಮ್ಮ ಯಜಮಾನರ ಕಂಪನಿಯೇ ತನ್ನ ಗಂಟಿನಿಂದ ಕ್ಲೇಮು ಕಟ್ಟುತ್ತೆ. ಕಾರ್ಡಿನ ಮೇಲೆ ಹೆಸರಿರುವ ವಿಮಾ ಕಂಪನಿ ಬರೀ ಲೆಕ್ಕ ಬರೆಯುವ ಗುಮಾಸ್ತ. ಇಂಥ ಪ್ಲಾನುಗಳನ್ನು 1974ರ ಎರಿಸಾ ಅನ್ನುವ ಕೇಂದ್ರದ ಕಾಯ್ದೆ ರಾಜ್ಯಗಳ ಕೈಯಿಂದ ತಪ್ಪಿಸಿಬಿಟ್ಟಿದೆ. ದೊಡ್ಡ ಕಂಪನಿಗಳಲ್ಲಿರುವ ನಮ್ಮವರೇ, ನಿಮ್ಮ ಕಾರ್ಡನ್ನೂ ಒಮ್ಮೆ ತೆಗೆದು ನೋಡಿ.

ಆ ಮೂರಕ್ಷರ ಇದ್ದಿದ್ದರೂ ನನ್ನ ಬಿಲ್ಲು ಉಳಿಯುತ್ತಿರಲಿಲ್ಲ ಅನ್ನಿ. ರಾಜ್ಯದ ಕಾನೂನು ಹೇಳುವುದು ಆ ವಾರ್ಷಿಕ ಟೆಸ್ಟಿನ ಬಗ್ಗೆ ಅಷ್ಟೇ. ನನ್ನ ಪ್ಯಾಪ್ ಫ್ರೀ ಆಗಿದ್ದು 2010ರ ಒಬಾಮಾಕೇರ್ ಅನ್ನುವ ಕೇಂದ್ರದ ಆರೋಗ್ಯ ವಿಮೆ ಕಾನೂನಿನಿಂದ. 21ರಿಂದ 65ರವರೆಗಿನವರ ಸ್ಕ್ರೀನಿಂಗ್‌ಗೆ ಅಲ್ಲಿ ಕೋಪೇ ಇಲ್ಲ, ಡಿಡಕ್ಟಿಬಲ್ ಇಲ್ಲ, ಅಂದರೆ ನಮ್ಮ ಕೈಯಿಂದ ಏನೂ ಕೊಡಬೇಕಿಲ್ಲ. ಕಾಲ್ಪೊಸ್ಕೊಪಿ ಮಾತ್ರ ಸ್ಕ್ರೀನಿಂಗ್ ಅಲ್ಲ, ರೋಗ ಪತ್ತೆಯ ಪರೀಕ್ಷೆ ಅಂತ 'ಡಯಾಗ್ನಾಸ್ಟಿಕ್' ಲೆಕ್ಕಕ್ಕೆ ಹೋಯಿತು. ಹೆದರಿಸುವುದು ಪುಕ್ಕಟೆ, ಹೆದರಿಕೆ ಬಿಡಿಸುವುದಕ್ಕೆ ದುಡ್ಡು! ಅರ್ಧ ದಾರಿಯಲ್ಲಿ ಕೈಬಿಡುವುದನ್ನು ತಪಾಸಣೆ ಅಂತ ನಾನಂತೂ ಒಪ್ಪಲಾರೆ.

ಇದು ಕೇಂದ್ರ ಸರ್ಕಾರಕ್ಕೂ ಈಗ ಹೊಳೆದಿದೆ. 2027ರ ಜನವರಿ 1ರಿಂದ ಹೆಚ್ಚಿನ ಖಾಸಗಿ ಪ್ಲಾನುಗಳು ಸ್ಕ್ರೀನಿಂಗ್ ಪೂರ್ತಿಯಾಗಲು ಬೇಕಾದ ಮುಂದಿನ ಪರೀಕ್ಷೆಗಳನ್ನೂ ಪೂರ್ತಿ ಭರಿಸಬೇಕಂತೆ. ಮನೆಯಲ್ಲೇ ಸ್ಯಾಂಪಲ್ ತೆಗೆದುಕೊಳ್ಳುವ ಕಿಟ್ ಕೂಡ ಆ ಪಟ್ಟಿಯಲ್ಲಿದೆ. ಇದನ್ನು ವಾಕಿಂಗ್‌ನಲ್ಲಿ ಖುಷಿಯಿಂದ ಹೇಳಿದರೆ, ಪಕ್ಕದ ಬೀದಿಯವಳು ದನಿ ತಗ್ಗಿಸಿ ಅಂದಳು: "ನಂಗೂ ಪಾಸಿಟಿವ್ ಬಂದಿದೆ ಕಣೇ. ಹಾಗಾದ್ರೆ ಜನವರಿವರೆಗೂ ತಡೀತೀನಿ ಬಿಡು."

ತಡೀಬೇಡ ಮಾರಾಯ್ತಿ ಅಂದೆ. ನನ್ನ ಬಿಲ್ಲನ್ನು ಆರು ಕಂತು ಮಾಡಿಕೊಟ್ಟ ಕೌಂಟರಿನ ನಂಬರನ್ನು ಅಲ್ಲೇ ನಿಂತು ಅವಳಿಗೆ ವಾಟ್ಸಾಪ್ ಮಾಡಿದೆ.