ನಿಸರ್ಗ ನಿಯಮದ ಬಣ್ಣ ಯಾವುದು?

ಗಂಡು ಗಂಡಿನ ಹಾಗಿರಬೇಕು, ಹೆಣ್ಣು ಹೆಣ್ಣಿನ ಹಾಗಿರಬೇಕು, ಅದು ನಿಸರ್ಗ ನಿಯಮ ಎಂದು ಮೈಕು ಸಿಕ್ಕವರೆಲ್ಲ ಹೇಳುತ್ತಾರೆ. ನಾನೂ ತಲೆಯಾಡಿಸಿದೆ. ಆಮೇಲೆ ನಿಸರ್ಗ ಇದನ್ನು ಎಲ್ಲಿ ಬರೆದಿಟ್ಟಿದೆ ಎಂದು ಹುಡುಕಿದರೆ ಸಿಕ್ಕಿದ್ದು ಬಟ್ಟೆ ವ್ಯಾಪಾರಿಗಳ ಕೈಬರಹ!

1918ರಲ್ಲಿ ಅಮೆರಿಕದ ಮಕ್ಕಳ ಉಡುಪು ವ್ಯಾಪಾರದ ಪತ್ರಿಕೆಯೊಂದು ಅಪ್ಪಣೆ ಕೊಡಿಸಿತ್ತು: ಗುಲಾಬಿ ಗಟ್ಟಿ ಬಣ್ಣ, ಅದು ಗಂಡುಮಕ್ಕಳಿಗೆ, ನೀಲಿ ನಾಜೂಕು, ಅದು ಹೆಣ್ಣುಮಕ್ಕಳಿಗೆ. ಕೆಲವೇ ದಶಕಗಳಲ್ಲಿ ನಿಸರ್ಗ ತನ್ನ ನಿಯಮಕ್ಕೆ ತಿದ್ದುಪಡಿ ತಂದಿತು. ಕ್ರೋಮೋಸೋಮು ಇದ್ದ ಹಾಗೇ ಇತ್ತು, ಅಂಗಿಗಳು ಅದಲುಬದಲಾದವು. 1884ರ ಒಂದು ಫೋಟೋ ನೋಡಿ: ಬಿಳಿ ಲಂಗ, ಭುಜಕ್ಕಿಳಿದ ಕೂದಲು, ಕೈಯಲ್ಲಿ ಗರಿಯ ಟೊಪ್ಪಿಗೆ. ಕೂತಿರುವವರು ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಆಗ ಪುಟ್ಟ ಹುಡುಗರಿಗೆ ಅದೇ ಮಾಮೂಲಿ ಉಡುಪು.

ಭಾಷೆಯ ಕತೆ ಕೇಳಲೇಬೇಡಿ. ಸಂಸ್ಕೃತದಲ್ಲಿ ಹೆಂಡತಿಗೆ ‘ಭಾರ್ಯಾ’ ಎಂದರೆ ಸ್ತ್ರೀಲಿಂಗ, ‘ಕಳತ್ರ’ ಎಂದರೆ ನಪುಂಸಕಲಿಂಗ, ‘ದಾರಾಃ’ ಎಂದರೆ ಪುಲ್ಲಿಂಗ, ಅದೂ ಬಹುವಚನ. ಪಾಪ, ಒಬ್ಬಳನ್ನು ಕಟ್ಟಿಕೊಂಡವನು ವ್ಯಾಕರಣದ ಲೆಕ್ಕದಲ್ಲಿ ಹಲವು ಗಂಡಸರೊಂದಿಗೆ ಸಂಸಾರ ಮಾಡಿದ! ಕನ್ನಡದಲ್ಲಿ ಮಗು ಅಳುತ್ತದೆ, ನಗುತ್ತದೆ, ಹಟ ಮಾಡುತ್ತದೆ. ಎಲ್ಲವೂ ನಪುಂಸಕಲಿಂಗವೇ. ಇದರಿಂದ ಕುಲ ಕೆಟ್ಟಿತೆಂದು ಯಾವ ಅಜ್ಜಿಯೂ ಎದೆ ಬಡಿದುಕೊಂಡಿಲ್ಲ.

‘ಅದು ಪದದ ಲಿಂಗ ಕಣಯ್ಯಾ, ದೇಹದ್ದಲ್ಲ’ ಎಂದು ಪಂಡಿತರು ಗದರುತ್ತಾರೆ. ಸರಿ ಸ್ವಾಮಿ. ಪದವನ್ನೂ ದೇಹವನ್ನೂ ಇಷ್ಟು ಸಲೀಸಾಗಿ ಬಿಡಿಸುವ ನಿಮಗೆ, ದೇಹ ಬೇರೆ, ಸಮಾಜ ಅದಕ್ಕೆ ಕಟ್ಟಿದ ವೇಷ ಬೇರೆ ಎಂದರೆ ಮಾತ್ರ ಯಾಕೆ ತಲೆ ಸುತ್ತುತ್ತದೆ? ವೇಷ ತನಗೆ ಒಗ್ಗುತ್ತಿಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ ಯಾಕೆ ಮೈಯೆಲ್ಲ ಉರಿಯುತ್ತದೆ?

ಉರಿಯ ಮಾತು ಬಂತು ನೋಡಿ. 2020ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಬಣ್ಣದ ಹೊಗೆಯಲ್ಲಿ ಸಾರಲು ಒಣಹುಲ್ಲಿನ ನಡುವೆ ಸಾಧನವೊಂದನ್ನು ಹೊತ್ತಿಸಿದರು. ಬೆಂಕಿ ಹತ್ತಿಕೊಂಡಿತು. ಬಾಟಲಿ ನೀರು ಎರಚಿದರೂ ಆರಲಿಲ್ಲ. 22 ಸಾವಿರಕ್ಕೂ ಹೆಚ್ಚು ಎಕರೆ ನಿಸರ್ಗ ಸುಟ್ಟುಹೋಯಿತು, ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು.

ಹೊಟ್ಟೆಯೊಳಗಿನ ಮಗು ಇದಾವುದರ ಗೊಡವೆಯಿಲ್ಲದೆ ಮಲಗಿತ್ತು. ಹೌದು, ‘ಮಲಗಿತ್ತು’ ಎಂದೇ ಬರೆದಿದ್ದೇನೆ.